ಹಳೆಯ ಕಾರು, ಅಡುಗೆಯ ಅನಿಲ

ನನ್ನ ಹಳೆಯ ಪ್ರೀಮಿಯರ್ ಪದ್ಮಿನಿಗೆ ಎಲ್‌ಪಿಜಿ ಅಳವಡಿಸಲು ವಿಚಾರಿಸಿದಾಗ ಮೆಕ್ಯಾನಿಕ್ ಒಬ್ಬರು, ‘ಅಡುಗೆ ಸಿಲಿಂಡರೇ ಸಾಕು ಸಾರ್’ ಎಂದರು. ಸಲಹೆ ಅಗ್ಗದ್ದು, ಪರಿಣಾಮ ದುಬಾರಿ.

ಮೋಟಾರು ವಾಹನ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿ ಈ ಪರಿವರ್ತನೆಗೆ ದಾರಿ ತೆರೆಯಿತಾದರೂ, ಗೃಹಬಳಕೆಯ ಅನಿಲವನ್ನು ವಾಹನಕ್ಕೆ ಬಳಸುವುದು ಅಪರಾಧ. ವಾಹನದ ಟ್ಯಾಂಕಿನ ಕವಾಟ, ಕೊಳವೆ ತುಂಡಾದರೆ ಹರಿವನ್ನು ತಡೆಯುತ್ತದೆ. ಶೇ 80ರಷ್ಟು ತುಂಬಿದೊಡನೆ ಭರ್ತಿಯನ್ನೂ ನಿಲ್ಲಿಸುತ್ತದೆ. ಅಡುಗೆ ಸಿಲಿಂಡರು ಈ ಕೆಲಸಕ್ಕೆ ರೂಪಿಸಿದ್ದೇ ಅಲ್ಲ. ಅವಘಡವಾದರೆ ಬೆಲೆ ತೆರುವವರಲ್ಲಿ ದಾರಿಹೋಕರೂ ಇರುತ್ತಾರೆ.

ಲೆಕ್ಕವನ್ನೂ ನೋಡೋಣ. ಒಂದು ಲೀಟರ್ ಎಲ್‌ಪಿಜಿಯಲ್ಲಿ ಪೆಟ್ರೋಲಿಗಿಂತ ಸುಮಾರು ಕಾಲುಭಾಗ ಕಡಿಮೆ ಶಕ್ತಿಯಿದೆ. ದರದ ಅಂತರ ಅದಕ್ಕಿಂತ ಹೆಚ್ಚಿದ್ದರಷ್ಟೇ ಉಳಿತಾಯ. ಭಾನುವಾರ ಮಾತ್ರ ಹೊರಡುವ ಕಾರಿಗೆ ಕಿಟ್‌ನ ವೆಚ್ಚ ಮರಳುವುದು ಕಷ್ಟ. ನಿತ್ಯ ಓಡಿಸುವವರು ಅನುಮೋದಿತ ಕಿಟ್ ಹಾಕಿಸಿ, ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಲಿ. ನನ್ನ ಪದ್ಮಿನಿ ಪೆಟ್ರೋಲಿನಲ್ಲೇ ಇರಲಿ.