ಕ್ರಿಯಾಟಿನಿನ್ ಒಂದೇ ಸಾಲದು

ಡಯಾಲಿಸಿಸ್‌ಗಾಗಿ 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಯಿತು. ಅದು ಅಗತ್ಯವೂ ಹೌದು. ಆದರೆ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಊರುಗಳಿಗೆ ಯಂತ್ರಕ್ಕಿಂತ ಮೊದಲು ಬೇಕಾದುದು ಎರಡು ಸರಳ ಪರೀಕ್ಷೆಗಳು.

ಮೂತ್ರಪಿಂಡದ ರೋಗ ನೋವಿಲ್ಲದೆ ಬೆಳೆಯುತ್ತದೆ. ಸೋಸುವ ಶಕ್ತಿ ಅರ್ಧದಷ್ಟು ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ ‘ಸಹಜ’ ಮಿತಿಯಲ್ಲೇ ಉಳಿಯಬಹುದು. ಅದು ಸ್ನಾಯುಗಳಲ್ಲಿ ಹುಟ್ಟುವ ವಸ್ತುವಾದ್ದರಿಂದ, ಮೈಯಲ್ಲಿ ಕಸುವಿಲ್ಲದ ವೃದ್ಧರ ವರದಿ ಇನ್ನಷ್ಟು ಮೋಸಗೊಳಿಸುತ್ತದೆ. ಆದ್ದರಿಂದ ವಯಸ್ಸು, ಲಿಂಗಗಳನ್ನು ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ ದರವನ್ನೂ ಕೇಳಿ ಬರೆಸಿಕೊಳ್ಳಬೇಕು; ಅದಕ್ಕೆ ಬೇರೆ ರಕ್ತ ಬೇಕಿಲ್ಲ. ಅದು 3 ತಿಂಗಳ ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲಿಕ ರೋಗವೆಂದೇ ಎಣಿಕೆ. ಬಡಕಲು ಮೈಗೆ ಈ ಲೆಕ್ಕವೂ ಪೂರ್ತಿ ಒಗ್ಗದು.

ಅಲ್ಲಿ ಮೂತ್ರ ಸಾಕ್ಷಿ ನುಡಿಯುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಹೆಚ್ಚು ಅಲ್ಬುಮಿನ್ ಮತ್ತೆ ಮತ್ತೆ ಕಂಡುಬಂದರೆ, ದರ ಚೆನ್ನಾಗಿದ್ದರೂ ಹಾನಿ ಮೊದಲಾಗಿದೆಯೆಂದೇ ತಿಳಿಯಬೇಕು. ಬೆಳಗಿನ ಮೊದಲ ಮೂತ್ರ ಉತ್ತಮ. ಜ್ವರದ ದಿನ, ಮೈಮುರಿದು ದುಡಿದ ದಿನ ಅಂಕಿ ಸುಮ್ಮನೆ ಏರುವುದುಂಟು.

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೇ ಈ ರೋಗದ ಮುಖ್ಯ ಮೂಲ. ಅವುಗಳ ತಪಾಸಣೆಗೆ ಸಾಲು ನಿಲ್ಲಿಸುವ ಆರೋಗ್ಯ ಕೇಂದ್ರವು ಅದೇ ಸಾಲಿನಲ್ಲಿ ವರ್ಷಕ್ಕೊಮ್ಮೆ ಈ ಎರಡನ್ನೂ ಮಾಡಲೆಂದು ಗ್ರಾಮಸಭೆಯಲ್ಲಿ ಬರಹದಲ್ಲಿಯೇ ಒತ್ತಾಯಿಸೋಣ.