ಬಿಡಿ ನಡಿಗೆ, ಇಡಿಯ ದಾರಿ

ದೀರ್ಘವಾದ ಕಾಲುದಾರಿಯೊಂದನ್ನು, ನಡುವೆ ಮನೆಗೆ ಮರಳದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ನಡೆದು ಮುಗಿಸಿದವನನ್ನು ಲೋಕವು ಕೊಂಡಾಡುತ್ತದೆ. ಅದೇ ದಾರಿಯನ್ನು ಈ ವರ್ಷ ಒಂದು ವಾರ, ಬರುವ ವರ್ಷ ಇನ್ನೊಂದು ವಾರ ಎಂದು ಖಂಡಖಂಡವಾಗಿ ನಡೆದು ಹತ್ತಿಪ್ಪತ್ತು ವರ್ಷಗಳಲ್ಲಿ ಪೂರೈಸಿದವನ ವಿಷಯದಲ್ಲಾದರೋ ಅರೆಮನಸ್ಸಿನಿಂದ ತಲೆಯಾಡಿಸಿ ಸುಮ್ಮನಾಗುತ್ತದೆ. ಈ ತಾರತಮ್ಯಕ್ಕೆ ಆಧಾರವುಂಟೆ? ಬಿಡಿಯಾಗಿ ನಡೆಯುವವರಲ್ಲಿ ಬಹುಮಂದಿ ಸಂಸಾರಸ್ಥರು. ಅವರಿಗೆ ಬಿಡುವು ದೊರೆಯುವುದು ಮಕ್ಕಳಿಗೆ ರಜೆ ಬರುವ ಬೇಸಗೆಯಲ್ಲಿ. ಆದುದರಿಂದ ಬಿಸಿಲನ್ನು ಬಿಟ್ಟು ಈ ಪ್ರಶ್ನೆಯನ್ನು ವಿಚಾರಿಸುವುದು ಸಾಧ್ಯವಿಲ್ಲ.

ಅಮೆರಿಕದ ಪೂರ್ವಭಾಗದಲ್ಲಿ, ಜಾರ್ಜಿಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರು ಸಾಗುವ ಅಪಲೇಚಿಯನ್ ಕಾಲುದಾರಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 1921ರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟ ಬೆಂಟನ್ ಮೆಕಾಯ್ ಎಂಬ ಯೋಜನಾತಜ್ಞನ ಮನಸ್ಸಿನಲ್ಲಿದ್ದುದು ಆಮೂಲಾಗ್ರವಾಗಿ ನಡೆಯುವ ಸಾಹಸಿಯಲ್ಲ. ನಗರದ ದುಡಿಮೆಯಿಂದ ಬಳಲಿ ಕೆಲವು ದಿನಗಳ ಮಟ್ಟಿಗೆ ಬೆಟ್ಟದ ಗಾಳಿಗೆ ಬರತಕ್ಕ ಸಾಮಾನ್ಯ ಮನುಷ್ಯ. ದಾರಿ ತುದಿಯಿಂದ ತುದಿಗೆ ಕೂಡಿದ್ದು 1937ರಲ್ಲಿ. ಅದಕ್ಕೆ ಹಿಂದಿನ ವರ್ಷವೇ, ಈ ಕಾರ್ಯದ ನೇತಾರನಾಗಿದ್ದ ಮೈರನ್ ಏವರಿ ಎಂಬ ವಕೀಲನು, ದೂರವನ್ನು ಅಳೆಯುವ ಚಕ್ರವೊಂದನ್ನು ಮುಂದೆ ತಳ್ಳುತ್ತ, ಅಷ್ಟು ದಾರಿಯನ್ನೂ ನಡೆದು ಮುಗಿಸಿದ ಮೊದಲಿಗನೆನಿಸಿದ್ದನು. ಅವನು ನಡೆದದ್ದು ತುಂಡುತುಂಡಾಗಿ, ವರ್ಷವರ್ಷವೂ ಅಷ್ಟಷ್ಟು. ಒಂದೇ ಋತುವಿನಲ್ಲಿ ನಡೆದವನೆಂದು ಪ್ರಸಿದ್ಧನಾದ ಅರ್ಲ್ ಶಾಫರ್ ಬಂದದ್ದು 1948ರಲ್ಲಿ. ಎಂದ ಮೇಲೆ, ಬಿಡಿ ನಡಿಗೆಯೇ ಇಲ್ಲಿ ಹಿರಿಯದು. ದಾರಿಯ ಪಾಲಕಸಂಸ್ಥೆಯೂ ಇಬ್ಬಗೆಯವರಿಗೂ ಒಂದೇ ಮನ್ನಣೆಯನ್ನು ಕೊಡುತ್ತದೆ.

ಅಖಂಡವಾಗಿ ನಡೆದವನಿಗೆ ದೊರೆಯುವ ಒಂದು ಲಾಭ ಮತ್ತೊಬ್ಬನಿಗೆ ದೊರೆಯದೆಂಬುದನ್ನು ಒಪ್ಪಲೇಬೇಕು. ತಿಂಗಳುಗಟ್ಟಲೆ ಕಾಡಿನಲ್ಲಿದ್ದವನ ಮನಸ್ಸಿನಿಂದ ಊರಿನ ಚಿಂತೆಗಳು ತಾವಾಗಿ ಕಳಚಿಕೊಳ್ಳುತ್ತವೆ. ವಾರದ ಚಾರಣಿಗನಾದರೋ ಅವು ಕಳಚಿಕೊಳ್ಳುವ ಹೊತ್ತಿಗೆ ಚೀಲ ಕಟ್ಟಬೇಕಾಗುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ಸಂಜೆಗೊಂದು ಸಂಧಿಯಂತೆ ಓದಿಸಿ ಕೇಳಿದವರನ್ನು, ಇವರು ಭಾರತವನ್ನು ಪೂರ್ತಿ ಕೇಳಲಿಲ್ಲವೆಂದು ಯಾರಾದರೂ ಆಕ್ಷೇಪಿಸಿದ್ದುಂಟೆ? ಬಿಡುವಿಟ್ಟು ಬಂದವನು ಆ ದಾರಿಗೆ ಬೇರೆಬೇರೆ ವಯಸ್ಸಿನ ಕಣ್ಣುಗಳನ್ನು ತರುತ್ತಾನೆ. ಮೂವತ್ತರಲ್ಲಿ ಓಡಿ ಏರಿದವನು ಐವತ್ತರಲ್ಲಿ ನಿಂತು ನೋಡುತ್ತಾನೆ.

ಇನ್ನು ಬಿಸಿಲಿನ ಮಾತು. ಮೈ ತಣ್ಣಗಾಗುವುದು ಬೆವರು ಸುರಿದುದರಿಂದಲ್ಲ, ಅದು ಆರಿದುದರಿಂದ. ಜುಲೈ, ಆಗಸ್ಟ್ ತಿಂಗಳಲ್ಲಿ ಆ ಪೂರ್ವದ ಬೆಟ್ಟಗಳ ಗಾಳಿಯು ತೇವದಿಂದ ತುಂಬಿರುವುದರಿಂದ, ನೆರಳು ಎಷ್ಟೇ ದಟ್ಟವಾಗಿದ್ದರೂ ಬೆವರು ಆರದೆ ಅಂಗಿಯಲ್ಲಿಯೇ ನಿಲ್ಲುತ್ತದೆ. ಶರೀರವು ಈ ಧಗೆಗೆ ಒಗ್ಗಲು ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗನೆ ಬೆವರತೊಡಗುತ್ತದೆ, ಆ ಬೆವರಿನಲ್ಲಿ ಉಪ್ಪೂ ಕಡಮೆಯಾಗಿರುತ್ತದೆ. ವಸಂತದಲ್ಲಿಯೇ ಜಾರ್ಜಿಯದಿಂದ ಹೊರಟವನ ದೇಹವು ಬಿಸಿಲು ಏರಿದಂತೆಲ್ಲ ಹದಗೊಳ್ಳುತ್ತ ಬಂದಿರುತ್ತದೆ. ಕಚೇರಿಯ ತಂಪಿನಿಂದ ನೇರವಾಗಿ ಬಂದವನ ದೇಹವಾದರೋ ಹದಗೊಳ್ಳುವಷ್ಟರಲ್ಲಿ ರಜೆ ತೀರಿರುತ್ತದೆ, ಮರುವರ್ಷಕ್ಕೆ ಆ ಹದವೂ ಉಳಿಯದು. ಆದುದರಿಂದ ಅವನು ಪ್ರತಿ ಬೇಸಗೆಯಲ್ಲಿಯೂ ಹೊಸಬನೇ. ನ್ಯೂಜೆರ್ಸಿಯ ವರ್ನನ್ ಬಳಿ ಪೋಚಕ್ ಹಳ್ಳದ ಜವುಗಿನ ಮೇಲೆ ಸುಮಾರು ಒಂದು ಮೈಲಿ ಹಲಗೆ ಹಾಸಿದ ದಾರಿಯಿದೆ. ಮುಂಜಾನೆ ಅಲ್ಲಿ ಜೊಂಡಿನ ನಡುವೆ ಹಕ್ಕಿಗಳ ಕೂಗು ಕೇಳುತ್ತ ಹಾಯಾಗಿ ನಡೆಯಬಹುದು. ನಡುಹಗಲಿನಲ್ಲಿ ಅದೇ ಹಲಗೆಗಳು ಕೆಳಗಿನಿಂದಲೂ ಕಾವನ್ನು ಚೆಲ್ಲುತ್ತವೆ, ಮತ್ತು ಅದರ ಬೆನ್ನಿಗೇ ವಾವಯಾಂಡ ಬೆಟ್ಟದ ಕಡಿದಾದ ಕಲ್ಲುಮೆಟ್ಟಿಲು ಬರುತ್ತದೆ. ನೆರೆಯ ಪೆನ್ಸಿಲ್ವೇನಿಯದ ಕಲ್ಲುದಿಣ್ಣೆಗಳಲ್ಲಿ ಆ ತಿಂಗಳುಗಳಲ್ಲಿ ಒರತೆಗಳು ಬತ್ತಿಹೋಗುವುದೂ ಉಂಟು.

ಇಂತಹ ಸ್ಥಿತಿಯಲ್ಲಿ ಬಿಡಿ ನಡಿಗೆಯವನಿಗಿರುವ ಪರಮ ಸೌಭಾಗ್ಯವೆಂದರೆ ನಿಲ್ಲುವ ಸ್ವಾತಂತ್ರ್ಯ. ಉತ್ತರಾಭಿಮುಖವಾಗಿ ಅಖಂಡ ನಡೆಯುವವನನ್ನು ಕಟಾಡಿನ್ನಿನ ಹಿಮವು ಅವಸರಪಡಿಸುತ್ತದೆ. ಅಕ್ಟೋಬರದ ನಡುವಿನೊಳಗೆ ಅವನು ಅಲ್ಲಿ ಸೇರಬೇಕು. ಇವನಿಗೆ ಆ ಕಟ್ಟಿಲ್ಲ. ಆದರೂ ಇವರಲ್ಲಿ ಅನೇಕರು, ಐದು ದಿನದ ರಜೆಯಲ್ಲಿ ಹತ್ತು ದಿನದ ದೂರವನ್ನು ಹಿಡಿಸಲು ಹೊರಟು, ಉರಿಬಿಸಿಲಿನಲ್ಲಿ ತಲೆತಿರುಗಿ ಕುಸಿಯುವ ಮಟ್ಟಕ್ಕೆ ಬರುತ್ತಾರೆ. ನನ್ನ ದೃಷ್ಟಿಯಲ್ಲಿ ಬಿಡಿ ನಡಿಗೆಯ ನಿಜವಾದ ದೋಷ ಇದೊಂದೇ: ತನಗಿರುವ ಸ್ವಾತಂತ್ರ್ಯವನ್ನು ಪರರ ಅಳತೆಗೆ ಒತ್ತೆಯಿಡುವುದು. ನರ್ಮದಾ ಪರಿಕ್ರಮದ ಸಂಪ್ರದಾಯವು ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳದ್ದು. ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ ಎಂದು ಅವಧಿಯನ್ನು ಹೇಳಿದ ಆ ಸಂಪ್ರದಾಯವೇ ಚಾತುರ್ಮಾಸ್ಯದಲ್ಲಿ ನಡೆಯದೆ ನಿಲ್ಲಬೇಕೆಂದೂ ವಿಧಿಸಿತು. ಜಬಲ್ಪುರದ ಚಿತ್ರಕಾರ ಅಮೃತಲಾಲ್ ವೇಗಡ್ ಅವರು 1977ರಿಂದ ಆ ನದಿಯ ದಂಡೆಯನ್ನು ನಡೆದದ್ದೂ ಖಂಡಖಂಡವಾಗಿಯೇ. ಅವರ ನರ್ಮದೆಯನ್ನು ಯಾರೂ ಅಪೂರ್ಣವೆನ್ನಲಿಲ್ಲ.

ನ್ಯೂಜೆರ್ಸಿ, ನ್ಯೂಯಾರ್ಕುಗಳ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ವಿಜ್ಞಾಪನೆ. ಈ ದಾರಿ ನಿಮ್ಮ ಮನೆಗಳಿಂದ ದೂರವಿಲ್ಲ. ಮರಗಳ ಮೇಲಿನ ಬಿಳಿಯ ಪಟ್ಟಿಗಳು ಹಾದಿ ತೋರುತ್ತವೆ. ಬೆಳಕು ಹರಿಯುವಾಗ ಹೊರಟು ಬಿಸಿಲೇರುವ ಮುನ್ನ ನೆರಳನ್ನು ಸೇರಿರಿ. ಬರಿಯ ನೀರನ್ನು ನೆಚ್ಚದೆ ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕವನ್ನೂ ಒಯ್ಯಿರಿ. ಜೊತೆಗಾರನ ಮಾತು ತೊದಲಿದರೆ ಅಥವಾ ಅಸಂಬದ್ಧವಾದರೆ ಅದನ್ನು ಬಳಲಿಕೆಯೆಂದು ತಳ್ಳಿಹಾಕದೆ, ಕೂಡಲೆ ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಸುರಿದು ಗಾಳಿ ಹಾಕುತ್ತ, ನೆರವಿಗೆ ಕರೆಯಿರಿ. ಉಳಿದ ದಾರಿಯನ್ನು ಸಂಕೋಚವಿಲ್ಲದೆ ಶರತ್ಕಾಲಕ್ಕೆ ಬಿಡಿರಿ.