ನಕಲಿ ಸಹಿಯೂ ಕಾಡು ಕುದುರೆಯೂ

ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು ಮೊದಲು ಕಲಿಯುವ ಪಾಠಗಳಲ್ಲಿ ಸಹಿ ನೋಡುವುದೂ ಒಂದು. ಈಗ ಸಹಿ ಕಂಪ್ಯೂಟರಿನಲ್ಲೇ ಕಾಣುತ್ತದೆ. ನಮ್ಮ ಕಾಲದಲ್ಲಿ ಮಾದರಿ ಸಹಿಯ ಕಾರ್ಡು ಹುಡುಕಿ, ಚೆಕ್ಕಿನ ಪಕ್ಕ ಇಟ್ಟು ನೋಡಬೇಕಿತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: "ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಹೆದರಬೇಡ ಮಾರಾಯ. ಅಚ್ಚು ಒತ್ತಿದ ಹಾಗೆ ಒಂದೇ ಥರ ಇದೆಯಲ್ಲ, ಆಗ ಹೆದರು." ನಿಜವಾದ ಕೈ ಪ್ರತಿ ಸಲ ಚೂರು ಬೇರೆಯಾಗಿ ಓಡುತ್ತದೆ. ನಕಲು ಮಾಡುವವನ ಕೈ ನಿಧಾನ, ಅದರಲ್ಲಿ ಅಂಜಿಕೆ ಇರುತ್ತದೆ.

ಈ ಪಾಠ ಹಾಡಿಗೂ ಸಲ್ಲುತ್ತದೆ ಎಂದು ತಿಳಿಯಲು ನಾನು ಎಪ್ಪತ್ತು ದಾಟಬೇಕಾಯಿತು. ಅಷ್ಟರಲ್ಲಿ ಒಂದು ಮಗುವಿನ ಬಾಯಿ ಮುಚ್ಚಿಸಿಯಾಗಿತ್ತು.

ನಮ್ಮ ಪುಟ್ಟಿಗೆ ಹನ್ನೊಂದು ವರ್ಷ. ಶಾಲೆಯ ಹಾಡಿನ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. "ಶಿವಮೊಗ್ಗದವರು ನಾವು, ಸುಬ್ಬಣ್ಣನವರ ಹಾಡನ್ನೇ ಹಾಡು" ಎಂದು ಹಟ ಹಿಡಿದವನು ನಾನು. ಶಿವಮೊಗ್ಗ ಸುಬ್ಬಣ್ಣ ಅಂದರೆ ನಮಗೆ ಮನೆಯವರಿದ್ದ ಹಾಗೆ. ಹೊಸನಗರ ತಾಲ್ಲೂಕಿನ ನಗರದ ಕಡೆಯವರು, ಓದಿದ್ದು ವಕೀಲಿಕೆ, ಒಲಿದದ್ದು ಸುಗಮ ಸಂಗೀತ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ನಾನು ಇಡೀ ದಿನ ಆ ಹಾಡನ್ನೇ ಕೇಳುತ್ತ ಕೂತಿದ್ದೆ.

ಇಪ್ಪತ್ತು ದಿನ ಪುಟ್ಟಿಯನ್ನು ಬಿಡಲಿಲ್ಲ. ಮೊಬೈಲಿನಲ್ಲಿ ಹಾಡು ಹಾಕುವುದು, ನಿಲ್ಲಿಸುವುದು, "ಅವರು ಇಲ್ಲಿ ಉಸಿರು ತಗೊಂಡರು, ನೀನೂ ಇಲ್ಲೇ ತಗೋ" ಎನ್ನುವುದು. ಅವರ ತುಂಬು ಕಂಠ ಈ ಎಳೆ ಗಂಟಲಿಗೆ ಎಲ್ಲಿಂದ ಬರಬೇಕು? ಪಾಪ, ದನಿ ದಪ್ಪ ಮಾಡಿಕೊಂಡು ಹಾಡಿದಳು. ಸ್ಪರ್ಧೆಯ ದಿನ ನಡುವೆ ಗಂಟಲು ಕಟ್ಟಿತು. ಮನೆಗೆ ಬಂದವಳು, "ಅಜ್ಜ, ನಾನಿನ್ನು ಹಾಡಲ್ಲ" ಅಂದಳು. ಎರಡು ತಿಂಗಳು ಹಾಡಲೇ ಇಲ್ಲ. ಸ್ನಾನದ ಮನೆಯಲ್ಲಿ ಗುನುಗುವುದೂ ನಿಂತಿತು. ನನಗೆ ಊಟ ರುಚಿಸದಾಯಿತು.

ದಸರಾ ರಜೆಗೆ ಭದ್ರಾವತಿಯ ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋದೆ. ನಾವು ಬೆಳೆದ ಊರು ಅದು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1965ರಲ್ಲಿ ಆಕಾಶವಾಣಿ ಭದ್ರಾವತಿ ಶುರುವಾದಾಗ ಊರಿಗೇ ಹಬ್ಬ. ನನಗೂ ತಂಗಿಗೂ ಹಾಡಿನ ಹುಚ್ಚು ಹಿಡಿಸಿದ್ದು ಆ ರೇಡಿಯೊ.

ರಾತ್ರಿ ಕರೆಂಟ್ ಹೋಯಿತು. ಕತ್ತಲಲ್ಲಿ ತಂಗಿ ತನ್ನ ಒಂದೂವರೆ ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಹಾಡತೊಡಗಿದಳು. ಅದೇ ಕಾಡು ಕುದುರೆ! ಆದರೆ ಜೋಗುಳದ ನಡಿಗೆ. ಕುದುರೆ ಓಡಿ ಓಡಿ ದಣಿದು, ನಿದ್ದೆಗಣ್ಣಿನಲ್ಲಿ ಮನೆಗೆ ಬರುತ್ತಿರುವ ಹಾಗಿತ್ತು. ನನ್ನ ನಾಲಿಗೆಯ ತುದಿಗೆ "ಅದು ಹಾಗಲ್ಲ ಕಣೇ" ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಪುಟ್ಟಿ ಕೇಳಿದಳು:

"ಅಜ್ಜಿ, ಹಿಂಗೂ ಹಾಡಬಹುದಾ?"

"ಮತ್ತೆ? ಸುಬ್ಬಣ್ಣನವರು ಹಾಡಿದ ಹಂಗೆ ಹಾಡಿದ್ರೆ ಈ ಮಾಣಿ ಎದ್ದು ಕುಣೀತಾನೆ ಅಷ್ಟೇ!"

ಆ ನಗುವಿನಲ್ಲಿ ನನಗೆ ಸಹಿಯ ಕಾರ್ಡು ನೆನಪಾಯಿತು. ನಾನು ಮಗುವಿಗೆ ಹಾಡು ಕಲಿಸಿರಲಿಲ್ಲ, ಸುಬ್ಬಣ್ಣನವರ ಸಹಿ ನಕಲು ಮಾಡುವುದನ್ನು ಕಲಿಸಿದ್ದೆ. ನನ್ನ ತಂಗಿಯ ಹಾಡಿಗೆ ಒಂದು ಕಾರಣವಿತ್ತು: ಮಗು ಮಲಗಬೇಕು. ನನ್ನ ಪಾಠಕ್ಕೆ ಅಂಥ ಕಾರಣವೇ ಇರಲಿಲ್ಲ.

ಯೋಚಿಸಿ ನೋಡಿ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿಯನ್ನು ನಾವ್ಯಾರೂ ಕೇಳಿಲ್ಲ. ಭಜನೆಯವರ ಬಾಯಿಂದ ಬಾಯಿಗೆ ಬಂದ ಪದಗಳನ್ನು ಸಿ. ಅಶ್ವತ್ಥ್, ಸುಬ್ಬಣ್ಣ ಮನೆಮನೆಗೆ ಮುಟ್ಟಿಸಿದರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲೂ ಅವು ಮೊಳಗಿದವು. ಆಮೇಲೆ ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರನ್ನು ಹಾಡಿದಾಗ ನಾನು ಮೂಗು ಮುರಿದಿದ್ದೆ. ಆದರೆ ತತ್ವಪದ ಎಂದರೇನೆಂದು ಗೊತ್ತಿರದ ಕಾಲೇಜು ಹುಡುಗರು ಆ ಪದಗಳನ್ನು ಬಾಯಿಪಾಠ ಮಾಡಿದರಲ್ಲ! ಅಚ್ಚು ಒತ್ತಿದ ಹಾಗೆ ಹಾಡುವವರೇ ಇದ್ದಿದ್ದರೆ ಶರೀಫರು ನಮ್ಮವರೆಗೆ ಬರುತ್ತಿದ್ದರೋ ಇಲ್ಲವೋ.

ಹಾಗೆಂದು ಮನಬಂದಂತೆ ಎಳೆದಾಡಬಾರದು. ಚೆಕ್ಕಿನಲ್ಲಿ ಅಕ್ಷರ ಯಾವ ಚಂದದ್ದಾದರೂ ಇರಲಿ, ಬರೆದ ಮೊತ್ತವನ್ನು ತಿದ್ದುವಂತಿಲ್ಲ. ಹಾಡಿನಲ್ಲಿ ಆ ಮೊತ್ತವೆಂದರೆ ಕವಿಯ ಮಾತು, ಅದರ ಅರ್ಥ. ಇನ್ನು ಎಲ್ಲರೂ ಕೂಡಿ ಹಾಡುವ ಹಾಡಿಗೆ ಒಂದೇ ದಾಟಿ ಬೇಕು. ನಮ್ಮ ಜಿಲ್ಲೆಯವರೇ ಆದ ಕುವೆಂಪು ಬರೆದ ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ದಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತು ಮಾಡಿತು. ಅಲ್ಲಿ ನನ್ನ ದಾರಿ ನನಗೆ ಎಂದರೆ ಆಗದು. ಒಬ್ಬರೇ ಹಾಡುವಾಗ ಮಾತ್ರ ನಮ್ಮ ಗಂಟಲು ನಮ್ಮದೇ ಆಗಿರಬೇಕು.

ಮಕ್ಕಳೇ, ಇನ್ನೊಬ್ಬರ ಹಾಡು ಹಾಡುವ ಮುಂಚೆ ಅದನ್ನು ಹಾಡಿಲ್ಲದೆ ಒಮ್ಮೆ ಓದಿಕೊಳ್ಳಿ. ಯಾರಿಗಾಗಿ ಹಾಡುತ್ತಿದ್ದೇನೆ ಎಂದು ಕೇಳಿಕೊಳ್ಳಿ. ಆಮೇಲೆ ನಿಮ್ಮ ಶ್ರುತಿಯಲ್ಲಿ ಹಾಡಿ. ಅಜ್ಜಂದಿರೇ, ನಮಗೆ ಬುದ್ಧಿಮಾತು ಒಂದೇ: ಮೊದಲು ಕೇಳೋಣ, ತಿದ್ದುವುದು ಆಮೇಲೆ.

ಅಂದು ಕರೆಂಟ್ ಬರುವ ಹೊತ್ತಿಗೆ ತಂಗಿಯ ಮೊಮ್ಮಗ ಮಲಗಿದ್ದ. ಪುಟ್ಟಿ ಕಿಟಕಿಯ ಬಳಿ ಕೂತು, ತನ್ನ ಸಣ್ಣ ದನಿಯಲ್ಲಿ, ಯಾರಿಗೂ ಕೇಳಿಸದ ಹಾಗೆ ಕುದುರೆಯನ್ನು ಓಡಿಸುತ್ತಿದ್ದಳು. ಒಂದು ಕಡೆ ಸ್ವರ ತಪ್ಪಿತು. ನಾನು ಸುಮ್ಮನಿದ್ದೆ.